ಮೂಲದ ಗುರುತು ಮತ್ತು ಗಡಿ ದಾಟುವ ದನದ ವ್ಯಾಪಾರ

ದನ ಎಲ್ಲಿ ಹುಟ್ಟಿತು, ಎಲ್ಲಿ ಮೇದು ಬೆಳೆಯಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಬರೆದಿಟ್ಟು, ಕೇಳಿದವರಿಗೆ ತೋರಿಸಬೇಕೆಂದು ವಿಧಿಸುವ ಕಟ್ಟಳೆಗಳೇ ಮೂಲ ಗುರುತಿನ ನಿಯಮಗಳು. ಕೇಳುವವರು ಇಬ್ಬರು. ಒಬ್ಬರು ಕೊಳ್ಳುವವರು, ಇನ್ನೊಬ್ಬರು ಸರ್ಕಾರ. ಕೊಳ್ಳುವವರು ಕೇಳಿದಾಗ ಗುರುತು ಬೆಲೆಯನ್ನು ಏರಿಸಬಲ್ಲದು. ಸರ್ಕಾರ ಗಡಿಯಲ್ಲಿ ನಿಂತು ಕೇಳಿದಾಗ ಅದೇ ಗುರುತು ವ್ಯಾಪಾರದ ದಾರಿಯನ್ನು ತಿರುಗಿಸುತ್ತದೆ, ಕೆಲವೊಮ್ಮೆ ಮುಚ್ಚಿಬಿಡುತ್ತದೆ. ಅಮೆರಿಕ, ಕೆನಡಾ, ಮೆಕ್ಸಿಕೊಗಳ ನಡುವೆ ಏಳು ವರ್ಷ ನಡೆದ ಜಗಳದಲ್ಲೂ ಕರ್ನಾಟಕದ ಗಡಿ ತಾಲ್ಲೂಕುಗಳ ಸಂತೆಗಳಲ್ಲೂ ಇದನ್ನು ಕಾಣಬಹುದು.

ಇದನ್ನು ನೋಡಲು ಚಿತ್ರದುರ್ಗ ಜಿಲ್ಲೆ ತಕ್ಕ ಜಾಗ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ, ಧರ್ಮಪುರ, ಜವಗೊಂಡನಹಳ್ಳಿ ಸುತ್ತಿನ ಊರುಗಳು ಮಳೆ ಕಡಿಮೆಯ ಬಯಲುಸೀಮೆಯವು. ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರುಗಳೂ ಬರವನ್ನು ಬಲ್ಲ ಸೀಮೆಗಳೇ. ಇಲ್ಲಿ ದನ ಉಳುಮೆಯ ಬಲ, ಗೊಬ್ಬರದ ಮೂಲ, ಕಷ್ಟಕಾಲಕ್ಕೆ ಕೈಗೆ ಬರುವ ಹಣ. ಹಿರಿಯೂರು ಪಟ್ಟಣದಲ್ಲಿ ಎರಡು ದೊಡ್ಡ ಹೆದ್ದಾರಿಗಳು ಕೂಡುತ್ತವೆ. ಒಂದು ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ 48ನೇ ಸಂಖ್ಯೆಯದು. ಇನ್ನೊಂದು ಬಳ್ಳಾರಿ, ಚಳ್ಳಕೆರೆ ದಾಟಿ ಬಂದು ಹುಳಿಯಾರು, ಮೈಸೂರಿನ ಮೂಲಕ ಚಾಮರಾಜನಗರಕ್ಕೆ ಇಳಿಯುವ 150ಎ. ಪೂರ್ವಕ್ಕೆ ಧರ್ಮಪುರ ಹೋಬಳಿ ಮುಗಿಯುವಲ್ಲಿ ಆಂಧ್ರಪ್ರದೇಶ. ಅಲ್ಲಿ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ, ಅಮರಾಪುರ, ಮಡಕಶಿರ. ಆ ಊರುಗಳಲ್ಲೂ ಕನ್ನಡ ಮಾತನಾಡುವ ಮನೆಗಳು ಬೇಕಾದಷ್ಟಿವೆ. ನಂಟಸ್ತಿಕೆ, ದೇವರು, ಸಂತೆ ಯಾವುದೂ ಗಡಿಯ ಗೆರೆಗೆ ನಿಂತದ್ದಲ್ಲ.

ಸರ್ಕಾರಿ ದಾಖಲೆ ಬರುವುದಕ್ಕೆ ಮೊದಲೂ ದನದ ಸಂತೆಯಲ್ಲಿ ಮೂಲದ ವಿಚಾರಣೆ ಇತ್ತು. ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲೋ, ಎರಡಲ್ಲೋ, ನಾಕಲ್ಲೋ, ಆರಲ್ಲೋ ಎಂದು ವಯಸ್ಸು ಗೊತ್ತಾಗುತ್ತದೆ. ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ಕೇಳುವ ಪ್ರಶ್ನೆ ಯಾವ ಕಡೆಯ ದನ, ಯಾರ ಮನೆಯದು ಎಂಬುದು. ಟವೆಲಿನ ಮರೆಯಲ್ಲಿ ದಲ್ಲಾಳಿ ಬೆರಳು ಹಿಡಿದು ಬೆಲೆ ಕಟ್ಟುವಾಗ ಆ ಉತ್ತರವೂ ಲೆಕ್ಕಕ್ಕೆ ಬರುತ್ತದೆ. ಘಾಟಿ ಸುಬ್ರಹ್ಮಣ್ಯ, ಮಾಗಡಿ, ಸಿದ್ಧಗಂಗೆ, ಮುಡುಕುತೊರೆ, ಚುಂಚನಕಟ್ಟೆಯ ಜಾನುವಾರು ಜಾತ್ರೆಗಳು ಹೆಸರಾದದ್ದೇ ಅಲ್ಲಿ ಯಾವ ತಳಿಯ, ಯಾವ ಸೀಮೆಯ ರಾಸು ಸಿಗುತ್ತದೆ ಎಂಬ ನಂಬಿಕೆಯಿಂದ.

ಮೂಲದ ಗುರುತಿಗೆ ಸರ್ಕಾರದ ಮುದ್ರೆ ಬಿದ್ದ ಹಳೆಯ ಉದಾಹರಣೆ ಅಮೃತ ಮಹಲ್. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಬೆಣ್ಣೆ ಚಾವಡಿ ಎಂದಿದ್ದ ದನಗಳ ಇಲಾಖೆ ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆಯಿತು. ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ನೆರವಾಗಿ ಹೋದದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಮಂದೆ ಹೇಗಿರಬೇಕು, ಯಾವ ಕಾಲದಲ್ಲಿ ಯಾವ ಕಾವಲಿನಲ್ಲಿ ಮೇಯಬೇಕು ಎಂಬುದಕ್ಕೆ ಟಿಪ್ಪು ಹೊರಡಿಸಿದ ಹುಕುಂನಾಮೆಯನ್ನು ಮುಂದೆ ಬ್ರಿಟಿಷ್ ಅಧಿಕಾರಿಗಳೂ ಅನುಸರಿಸಿದರು. 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಇಲಾಖೆಯನ್ನೇ ಮುಚ್ಚಿ ಮಂದೆ ಮಾರಿಸಿದ. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಾದಾಗ ಕೆಲವೇ ವರ್ಷಗಳಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು. 1880ರ ದಶಕದಲ್ಲಿ ಅದು ಮೈಸೂರು ಸರ್ಕಾರದ ಕೈಗೆ ಬಂತು.

ಈ ದನಗಳಿಗೆ ರೈತರ ಬಾಯಲ್ಲಿ ದೊಡ್ಡದನ, ಜವಾರಿ ದನ ಎಂಬ ಹೆಸರುಗಳ ಜೊತೆಗೆ ನಂಬರ್ ದನ ಎಂಬ ಹೆಸರೂ ಇದೆ. ಮೈಮೇಲೆ ಸಂಖ್ಯೆಯಿದ್ದರೆ ಅದು ಸರ್ಕಾರಿ ಮಂದೆಯದು, ತಳಿ ಬೆರಕೆಯಲ್ಲ. ಇಂದಿಗೂ ಬೀರೂರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಅಮೃತ ಮಹಲ್ ಹೋರಿಕರುಗಳ ಹರಾಜಿಗೆ ಚಿತ್ರದುರ್ಗ, ದಾವಣಗೆರೆ, ಹಾವೇರಿ ಕಡೆಯ ರೈತರು ಬರುತ್ತಾರೆ. ಹೊಸದುರ್ಗಕ್ಕೆ ಹತ್ತಿರದ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದ ಕರುಗಳಿಗೆ ಅಲ್ಲಿ ಜೋಡಿಗೆ ಲಕ್ಷ ರೂಪಾಯಿ ದಾಟಿ ಕೂಗುವುದುಂಟು. ಹಾಲು ಹೆಚ್ಚು ಕೊಡದ ತಳಿಗೆ ಇಷ್ಟು ಬೆಲೆ ಬರುವುದರಲ್ಲಿ ಹುಟ್ಟಿನ ಖಾತರಿಯ ಪಾಲು ದೊಡ್ಡದು. ಕೊಳ್ಳುವವರಿಗೆ ಬೇಕಾದ ಮಾಹಿತಿ, ಬೇಕಾದ ಜಾಗದಲ್ಲಿ, ಮಾರುವವರಿಗೆ ಹೆಚ್ಚಿನ ಖರ್ಚಿಲ್ಲದೆ ಸಿಗುತ್ತದೆ. ಮೂಲ ಗುರುತಿನ ಒಳ್ಳೆಯ ಬಗೆಯೆಂದರೆ ಇದು.

ತಳಿಯ ಹೆಸರು ಒಂದು ರಾಜ್ಯದಲ್ಲಿ, ದನ ಇನ್ನೊಂದರಲ್ಲಿ ಉಳಿದ ಪ್ರಸಂಗಗಳೂ ಇವೆ. ಆಲಂಬಾಡಿ ಎಂಬುದು ಹೊಗೆನಕಲ್ ಬಳಿ ಕಾವೇರಿ ದಂಡೆಯ ಊರು. 1956ರಲ್ಲಿ ಕೊಳ್ಳೇಗಾಲ ಮದರಾಸಿನಿಂದ ಮೈಸೂರಿಗೆ ಸೇರಿದಾಗ ಆ ಊರು ಕರ್ನಾಟಕದ ಕಡೆ ಉಳಿಯಿತು. ಅದರ ಹೆಸರಿನ ತಳಿಯನ್ನು ಹೆಚ್ಚಾಗಿ ಸಾಕುವುದು ಮಾತ್ರ ತಮಿಳುನಾಡಿನ ಧರ್ಮಪುರಿ ಸೀಮೆಯಲ್ಲಿ. ಈರೋಡ್ ಜಿಲ್ಲೆಯ ಬರಗೂರು ಬೆಟ್ಟದ ಬಿಳಿ ಮಚ್ಚೆಯ ಕೆಂಪು ದನಗಳನ್ನು ತಲೆತಲಾಂತರದಿಂದ ಸಾಕಿಕೊಂಡು ಬಂದವರು ಕನ್ನಡ ಮಾತನಾಡುವ ಲಿಂಗಾಯತರು. ಹಳ್ಳಿಕಾರ್ ತಳಿ ಮೈಸೂರು, ಮಂಡ್ಯ, ತುಮಕೂರು, ಹಾಸನ, ಚಿತ್ರದುರ್ಗಗಳಲ್ಲಿ ಹರಡಿರುವಂತೆ ಗಡಿಯಾಚೆ ಕೃಷ್ಣಗಿರಿಯ ಕಡೆಗೂ ಇದೆ. ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ತಳಿಗಳನ್ನು ನೋಂದಾಯಿಸುವಾಗ ರಾಜ್ಯದ ಹೆಸರನ್ನೂ ಬರೆಯುತ್ತದೆ. ದನ ಮೇದದ್ದು ಮಾತ್ರ ಹುಲ್ಲು ಇದ್ದ ಕಡೆ.

ಮೂಲ ಗುರುತು ನೆರೆಯ ದೇಶಗಳ ನಡುವೆ ಜಗಳವಾದ ದೊಡ್ಡ ಪ್ರಕರಣ ಉತ್ತರ ಅಮೆರಿಕದ್ದು. ಅಮೆರಿಕದ 2002ರ ಕೃಷಿ ಕಾಯ್ದೆಯು ಅಂಗಡಿಯಲ್ಲಿ ಮಾರುವ ಮಾಂಸದ ಮೇಲೆ ಮೂಲ ದೇಶದ ಹೆಸರು ಇರಬೇಕೆಂದಿತು. 2008ರ ಕಾಯ್ದೆ ಅದನ್ನು ತಿದ್ದಿತು, 2009ರ ಮಾರ್ಚ್‌ನಲ್ಲಿ ಅಂತಿಮ ನಿಯಮ ಜಾರಿಗೆ ಬಂತು. ಈ ಮಧ್ಯೆ 2003ರ ಮೇ ತಿಂಗಳಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಒಂದು ಹಸುವಿಗೆ ಹುಚ್ಚುಹಸು ರೋಗ ಇರುವುದು ಗೊತ್ತಾಗಿ, ಅಮೆರಿಕ ತನ್ನ ಗಡಿಯನ್ನು ಕೆನಡಾದ ಜೀವಂತ ದನಗಳಿಗೆ 2005ರ ಜುಲೈವರೆಗೆ ಮುಚ್ಚಿತ್ತು. ಹಾಗಾಗಿ ಮೂಲದ ಪ್ರಶ್ನೆಗೆ ಭಯವೂ ಸೇರಿಕೊಂಡಿತ್ತು.

ಅಲ್ಲಿನ ವ್ಯಾಪಾರದ ಬಗೆ ಹೀಗೆ: ಕರು ಕೆನಡಾದಲ್ಲೋ ಮೆಕ್ಸಿಕೊದಲ್ಲೋ ಹುಟ್ಟುತ್ತದೆ, ಗಡಿ ದಾಟಿ ಅಮೆರಿಕದ ಮೇವುದೊಡ್ಡಿಗಳಲ್ಲಿ ಕೊಬ್ಬುತ್ತದೆ, ಅಲ್ಲಿನ ಕಸಾಯಿಖಾನೆಗೆ ಹೋಗುತ್ತದೆ. ಇಂಥ ಪ್ರಾಣಿಯ ಮಾಂಸಕ್ಕೆ ಶುದ್ಧ ಅಮೆರಿಕದ್ದೆಂಬ ಗುರುತು ಸಿಗದು. ಎರಡು ದೇಶಗಳ ಹೆಸರು ಬರೆಯಬೇಕು. ಅದಕ್ಕಾಗಿ ಹೊರಗಿನಿಂದ ಬಂದ ದನಗಳನ್ನು ದೊಡ್ಡಿಯಿಂದ ಹಿಡಿದು ಕತ್ತರಿಸುವ ಸಾಲಿನವರೆಗೆ ಬೇರೆಯಾಗಿಯೇ ಇಡಬೇಕು, ಅದಕ್ಕೆ ಬೇರೆ ಕಡತ ಇರಬೇಕು. ದೊಡ್ಡ ಕಾರ್ಖಾನೆಗಳಿಗೆ ಇದು ಬೇಡದ ಖರ್ಚು. ಕೆಲವು ಕಾರ್ಖಾನೆಗಳು ಕೆನಡಾದ ದನ ಕೊಳ್ಳುವುದನ್ನೇ ಬಿಟ್ಟವು, ಕೆಲವು ವಾರದ ಕೆಲವು ದಿನ ಮಾತ್ರ ತೆಗೆದುಕೊಂಡವು, ತೆಗೆದುಕೊಂಡವರೂ ಬೆಲೆ ಕಡಿತ ಮಾಡಿದರು. ನಿಯಮದಲ್ಲಿ ಎಲ್ಲೂ ಕೆನಡಾದ ದನ ಬೇಡವೆಂದು ಬರೆದಿರಲಿಲ್ಲ. ಆದರೂ ನಷ್ಟವಾದದ್ದು ಕೆನಡಾದ ಆಲ್ಬರ್ಟಾದ, ಮೆಕ್ಸಿಕೊದ ಚಿಹುವಾಹುವಾದ ಸಾಕಣೆಗಾರರಿಗೆ.

ಕೆನಡಾ ಮತ್ತು ಮೆಕ್ಸಿಕೊ 2008ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೊರೆ ಹೋದವು. 2012ರ ಜೂನ್‌ನಲ್ಲಿ ಮೇಲ್ಮನವಿ ಮಂಡಳಿ ಕೊಟ್ಟ ತೀರ್ಪಿನ ತಿರುಳನ್ನು ಈ ವಿಷಯ ಓದುವವರೆಲ್ಲ ಗಮನಿಸಬೇಕು. ಗ್ರಾಹಕನಿಗೆ ಮೂಲ ತಿಳಿಸುವುದು ತಪ್ಪೆಂದು ಮಂಡಳಿ ಹೇಳಲಿಲ್ಲ. ಸಾಕಣೆಗಾರರಿಂದ ಮತ್ತು ಕಾರ್ಖಾನೆಗಳಿಂದ ಅಷ್ಟೊಂದು ಮಾಹಿತಿ ಸಂಗ್ರಹಿಸಿ, ಅದರಲ್ಲಿ ಸ್ವಲ್ಪವನ್ನಷ್ಟೇ ಗ್ರಾಹಕನಿಗೆ ಮುಟ್ಟಿಸುತ್ತಿದ್ದೀರಿ ಎಂದಿತು. ಹೋಟೆಲುಗಳಿಗೂ ಸಂಸ್ಕರಿಸಿದ ಆಹಾರಕ್ಕೂ ನಿಯಮದಿಂದ ವಿನಾಯಿತಿ ಇತ್ತು. ಅಲ್ಲಿಗೆ ಹೋದ ಮಾಂಸದ ಮೂಲ ಯಾರಿಗೂ ತಿಳಿಯುತ್ತಿರಲಿಲ್ಲ, ಕಡತದ ಭಾರ ಮಾತ್ರ ಹೊರಗಿನ ದನದ ಮೇಲೆ ಬೀಳುತ್ತಿತ್ತು. ಇದು ತಾರತಮ್ಯ ಎಂಬುದೇ ತೀರ್ಪು. ಅಮೆರಿಕ 2013ರ ಮೇ ತಿಂಗಳಲ್ಲಿ ಹುಟ್ಟಿದ್ದು, ಬೆಳೆದದ್ದು, ಕಡಿದದ್ದು ಎಲ್ಲವನ್ನೂ ಪ್ರತ್ಯೇಕವಾಗಿ ಬರೆಯಬೇಕೆಂದು ನಿಯಮವನ್ನು ಮತ್ತಷ್ಟು ಬಿಗಿ ಮಾಡಿತು. ಭಾರ ಇನ್ನೂ ಹೆಚ್ಚಿತು. 2015ರ ಡಿಸೆಂಬರ್ 7ರಂದು ಪಂಚಾಯ್ತಿದಾರರು ಕೆನಡಾ ವರ್ಷಕ್ಕೆ ನೂರು ಕೋಟಿ ಕೆನಡಾ ಡಾಲರಿಗೂ ಹೆಚ್ಚು, ಮೆಕ್ಸಿಕೊ ಸುಮಾರು 22.8 ಕೋಟಿ ಅಮೆರಿಕನ್ ಡಾಲರ್ ಮೌಲ್ಯದ ಪ್ರತಿಸುಂಕ ಹಾಕಬಹುದೆಂದರು. ಹನ್ನೊಂದೇ ದಿನಕ್ಕೆ, ಡಿಸೆಂಬರ್ 18ರಂದು, ಅಮೆರಿಕದ ಕಾಂಗ್ರೆಸ್ ದನ ಮತ್ತು ಹಂದಿ ಮಾಂಸವನ್ನು ಕಡ್ಡಾಯ ಗುರುತಿನಿಂದ ಕೈಬಿಟ್ಟಿತು. 2024ರಲ್ಲಿ ಅಲ್ಲಿನ ಕೃಷಿ ಇಲಾಖೆ ಬೇರೆ ದಾರಿ ಹಿಡಿಯಿತು. ಅಮೆರಿಕದ ಉತ್ಪನ್ನ ಎಂದು ತಾವಾಗಿಯೇ ಬರೆದುಕೊಳ್ಳುವವರು ಹುಟ್ಟಿನಿಂದ ಸಂಸ್ಕರಣೆಯವರೆಗೆ ಎಲ್ಲವೂ ಅಲ್ಲೇ ಆಗಿರುವುದನ್ನು ತೋರಿಸಬೇಕು ಎಂಬ ಆ ನಿಯಮದ ಪಾಲನೆಗೆ ಗೊತ್ತುಮಾಡಿದ ದಿನ 2026ರ ಜನವರಿ 1. ಗುರುತು ಬೇಡದವರಿಗೆ ಒತ್ತಾಯವಿಲ್ಲ.

ಯೂರೋಪ್ ಒಕ್ಕೂಟದಲ್ಲಿ ಇಂಥ ಜಗಳ ಬೆಳೆಯಲಿಲ್ಲ. 1996ರ ಹುಚ್ಚುಹಸು ರೋಗದ ಆತಂಕದ ನಂತರ ಅಲ್ಲಿ ಪ್ರತಿ ದನಕ್ಕೂ ಕಿವಿಯೋಲೆ, ಪಾಸ್‌ಪೋರ್ಟ್, ಕಂಪ್ಯೂಟರ್ ದಾಖಲೆ ಬಂದವು. 2002ರಿಂದ ಮಾಂಸದ ಮೇಲೆ ಹುಟ್ಟಿದ, ಬೆಳೆದ, ಕಡಿದ ದೇಶಗಳ ಹೆಸರು ಕಡ್ಡಾಯವಾಯಿತು. ಸ್ವದೇಶದ ದನಕ್ಕೂ ಹೊರಗಿನದಕ್ಕೂ ಒಂದೇ ಬಗೆಯ ದಾಖಲೆ ಇದ್ದುದರಿಂದ ಬೇರ್ಪಡಿಸುವ ಖರ್ಚು ಒಬ್ಬರ ತಲೆಗೇ ಬರಲಿಲ್ಲ.

ಭಾರತದಲ್ಲಿ ನೆರೆಯ ದೇಶ ಎಂಬ ಮಾತಿನ ಜಾಗದಲ್ಲಿ ನೆರೆಯ ರಾಜ್ಯ ಎಂದು ಓದಿಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ಸಂವಿಧಾನದ 301ನೇ ವಿಧಿ ದೇಶದೊಳಗೆ ವ್ಯಾಪಾರ ಮುಕ್ತವಾಗಿರಬೇಕೆನ್ನುತ್ತದೆ. ಅಂತರರಾಜ್ಯ ವ್ಯಾಪಾರ ಕೇಂದ್ರದ ಪಟ್ಟಿಯಲ್ಲಿದೆ. ಆದರೆ ಜಾನುವಾರು ಸಂರಕ್ಷಣೆ, ಪಶುರೋಗ ತಡೆ, ಸಂತೆ ಮತ್ತು ಜಾತ್ರೆಗಳು ರಾಜ್ಯಗಳ ಪಟ್ಟಿಗೆ ಸೇರಿವೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಇಬ್ಬರಿಗೂ ಸೇರಿದ್ದು. ಹೀಗಾಗಿ ಒಂದೇ ಎತ್ತು ಕರ್ನಾಟಕ, ಆಂಧ್ರ, ತಮಿಳುನಾಡು, ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲಿ ಬೇರೆ ಬೇರೆ ಕಾನೂನಿಗೆ ಒಳಪಡುತ್ತದೆ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಎಂಬ ಪ್ರಶ್ನೆಗೆ ತೂಕ ಬಂದದ್ದು ಇದರಿಂದ.

ಕರ್ನಾಟಕದ 1964ರ ಕಾಯ್ದೆ ಹಸು, ಹಸುವಿನ ಕರು, ಎಮ್ಮೆಯ ಕರುಗಳ ವಧೆಯನ್ನು ನಿಷೇಧಿಸಿ, ಹನ್ನೆರಡು ವರ್ಷ ದಾಟಿದ ಎತ್ತು, ಎಮ್ಮೆ ಮತ್ತು ಕೋಣಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾನೂನು ಹಸು, ಕರು, ಗೂಳಿ, ಎತ್ತುಗಳನ್ನೆಲ್ಲ ನಿಷೇಧದ ಒಳಗೆ ತಂದಿತು. ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳು ಮಾತ್ರ ಹೊರಗುಳಿದವು. ತಪ್ಪಿಗೆ ಮೂರರಿಂದ ಏಳು ವರ್ಷ ಸೆರೆ, ಒಂದು ದನಕ್ಕೆ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ. ವಧೆಗಾಗಿ ರಾಜ್ಯದ ಒಳಗೆ ಸಾಗಿಸುವುದೂ ಹೊರಗೆ ಕಳಿಸುವುದೂ ಅಪರಾಧವಾಯಿತು. ಸಾಗಣೆಗೆ ಮಾಲೀಕತ್ವದ ದಾಖಲೆ, ಪಶುವೈದ್ಯರ ಪ್ರಮಾಣಪತ್ರ ಬೇಕಾದವು.

ಇದರ ಪರಿಣಾಮ ಮೊದಲು ಕಂಡದ್ದು ನೆರೆಯ ಗೋವಾದಲ್ಲಿ. ಆ ಪುಟ್ಟ ರಾಜ್ಯಕ್ಕೆ ದನವೂ ಮಾಂಸವೂ ಬಹುಪಾಲು ಬೆಳಗಾವಿ ಸೀಮೆಯಿಂದ ಹೋಗುತ್ತಿದ್ದವು. 2021ರ ಆರಂಭದಲ್ಲಿ ಅಲ್ಲಿ ಕೊರತೆ ಉಂಟಾಗಿ, ಸರ್ಕಾರ ಬೇರೆ ರಾಜ್ಯಗಳಿಂದ ತರಿಸುವ ದಾರಿ ಹುಡುಕಬೇಕಾಯಿತು. ಕೇರಳದಲ್ಲೂ ಬೇಡಿಕೆಯ ದೊಡ್ಡ ಪಾಲು ಹೊರರಾಜ್ಯಗಳ ದನದಿಂದಲೇ ತುಂಬುತ್ತದೆ. ಕಾಸರಗೋಡಿನ ಮಂಜೇಶ್ವರದಲ್ಲೂ ದಕ್ಷಿಣ ಕನ್ನಡದ ಉಳ್ಳಾಲದಲ್ಲೂ ಆಡುವ ಮಾತು ಒಂದೇ, ನಡುವಿನ ಗಡಿಯೂರು ತಲಪಾಡಿಯ ಆಚೆ ಈಚೆ ಕಾನೂನು ಮಾತ್ರ ಎರಡು.

ಮಾಂಸದ ಮೂಲವೇ ಅಪರಾಧವನ್ನು ನಿರ್ಧರಿಸುವ ಪ್ರಶ್ನೆ ಬಂದದ್ದು ಮಹಾರಾಷ್ಟ್ರದಲ್ಲಿ. ಅಲ್ಲಿನ ದನವಧೆ ನಿಷೇಧ ಕಾನೂನಿಗೆ 2015ರಲ್ಲಿ ಬಂದ ತಿದ್ದುಪಡಿಯ 5ಡಿ ಕಲಮು, ಬೇರೆ ರಾಜ್ಯದಲ್ಲಿ ಕಾನೂನುಬದ್ಧವಾಗಿ ಕಡಿದ ದನದ ಮಾಂಸ ಮನೆಯಲ್ಲಿದ್ದರೂ ತಪ್ಪೆಂದಿತ್ತು. 9ಬಿ ಕಲಮು, ತಾನು ತಪ್ಪು ಮಾಡಿಲ್ಲವೆಂದು ಸಾಬೀತು ಮಾಡುವ ಹೊಣೆಯನ್ನು ಆರೋಪಿಯ ಮೇಲೇ ಹೊರಿಸಿತ್ತು. 2016ರ ಮೇ 6ರಂದು ಬಾಂಬೆ ಹೈಕೋರ್ಟ್ ವಧೆಯ ನಿಷೇಧವನ್ನು ಎತ್ತಿಹಿಡಿದು, ಈ ಎರಡು ಕಲಮುಗಳನ್ನು ಮಾತ್ರ ರದ್ದು ಮಾಡಿತು. ಮೂಲ ಗುರುತಿನ ಚರ್ಚೆಯಲ್ಲಿ ಸಾಬೀತಿನ ಹೊಣೆ ಯಾರದು ಎಂಬುದು ಎಷ್ಟು ಮುಖ್ಯವೆಂದು ಈ ತೀರ್ಪು ತೋರಿಸುತ್ತದೆ.

ಚಿತ್ರದುರ್ಗದಂಥ ಗಡಿ ಜಿಲ್ಲೆಯನ್ನು ನೇರವಾಗಿ ತಟ್ಟಬಹುದಾಗಿದ್ದ ನಿಯಮ ಕೇಂದ್ರದ್ದು. 2017ರ ಮೇ 23ರಂದು ಹೊರಬಿದ್ದ ಜಾನುವಾರು ಮಾರುಕಟ್ಟೆ ನಿಯಂತ್ರಣ ನಿಯಮಗಳು, ಸಂತೆಗೆ ತರುವ ದನ ವಧೆಗಲ್ಲವೆಂದು ಮಾರುವವನಿಂದ ಲಿಖಿತ ಹೇಳಿಕೆ ಬೇಡಿದವು. ಕೊಳ್ಳುವವನು ಕೃಷಿಕನೆಂದು ದಾಖಲೆ ತೋರಿಸಬೇಕು, ನಮ್ಮ ಕಡೆ ಎಂದರೆ ಪಹಣಿ. ಆರು ತಿಂಗಳು ಮರುಮಾರಾಟ ಮಾಡುವಂತಿಲ್ಲ. ಮಾರಾಟದ ಪತ್ರ ಐದು ಪ್ರತಿಗಳಲ್ಲಿರಬೇಕು. ಅವಕ್ಕಿಂತ ಮುಖ್ಯವಾದ ಮಾತು ಇನ್ನೊಂದಿತ್ತು: ರಾಜ್ಯದ ಗಡಿಯಿಂದ 25 ಕಿಲೋಮೀಟರ್ ಒಳಗೆ, ದೇಶದ ಗಡಿಯಿಂದ 50 ಕಿಲೋಮೀಟರ್ ಒಳಗೆ ಜಾನುವಾರು ಮಾರುಕಟ್ಟೆ ಇರಕೂಡದು.

ನಕ್ಷೆ ತೆರೆದು ನೋಡಿದರೆ ಈ ಅಂತರದ ಅರ್ಥ ತಿಳಿಯುತ್ತದೆ. ಆಂಧ್ರದೊಳಕ್ಕೆ ಚಾಚಿಕೊಂಡಿರುವ ಮೊಳಕಾಲ್ಮೂರು ತಾಲ್ಲೂಕಿನ ಹೆಚ್ಚಿನ ಭಾಗ, ಚಳ್ಳಕೆರೆಯ ಪರಶುರಾಂಪುರ ಹೋಬಳಿ, ಹಿರಿಯೂರಿನ ಧರ್ಮಪುರ ಎಲ್ಲವೂ ಆ ಪಟ್ಟಿಯೊಳಗೆ ಬೀಳುತ್ತವೆ. ಧರ್ಮಪುರದ ರೈತನಿಗೆ ಅಮರಾಪುರ ಹೊರರಾಜ್ಯವಲ್ಲ, ಪಕ್ಕದ ಊರು. ಅಲ್ಲಿಗೆ ಒಂದು ಜೋಡಿ ಎತ್ತು ಕೊಡಬೇಕಾದರೆ ಮೊದಲು ಒಳನಾಡಿನ ಸಂತೆಗೆ ಹೊಡೆದುಕೊಂಡು ಹೋಗಬೇಕಾಗುತ್ತಿತ್ತು. ನಿಯಮ ಬರೆದವರ ಮನಸ್ಸಿನಲ್ಲಿ ಇದ್ದದ್ದು ಕಳ್ಳಸಾಗಣೆ. ಅದರ ಭಾರ ಬೀಳುತ್ತಿದ್ದದ್ದು ಉಳುಮೆಯ ಎತ್ತು ಬದಲಿಸಿಕೊಳ್ಳುವ ಸಣ್ಣ ರೈತನ ಮೇಲೆ. ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಮೇ 30ರಂದು ಈ ನಿಯಮಗಳಿಗೆ ತಡೆ ಕೊಟ್ಟಿತು. ಜುಲೈ 11ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ಇಡೀ ದೇಶಕ್ಕೆ ವಿಸ್ತರಿಸಿತು.

ಸಂತೆಯ ನಿಯಮ ನಿಂತರೂ ರಸ್ತೆಯ ನಿಯಮ ಉಳಿದಿದೆ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಸಾಮಾನ್ಯ ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ತುಂಬುವಂತಿಲ್ಲ, ಪಶುವೈದ್ಯರ ಪತ್ರ ಜೊತೆಗಿರಬೇಕು. ಇದು ಪ್ರಾಣಿಗೆ ಬೇಕಾದ ರಕ್ಷಣೆ, ಸಡಿಲಿಸಬೇಕಾದದ್ದಲ್ಲ. ಕಷ್ಟ ಬರುವುದು ಕಾಗದ ಕೊಡುವ ಕಚೇರಿಗೂ ದನ ಮಾರುವ ಜಾಗಕ್ಕೂ ಇರುವ ದೂರದಿಂದ. ಬರ ಬಿದ್ದು ಮೇವು ಮುಗಿದ ವರ್ಷ ದನ ಹೊಡೆದುಕೊಂಡು ಬಂದವನಿಗೆ ಎರಡು ದಿನ ಕಾಯುವ ತ್ರಾಣ ಇರುವುದಿಲ್ಲ. ಕಾಗದ ಹೊಂದಿಸಬಲ್ಲ ದಲ್ಲಾಳಿಗೆ ಅಗ್ಗವಾಗಿ ಕೊಟ್ಟು ಮನೆಗೆ ಹೋಗುತ್ತಾನೆ. ಆಲ್ಬರ್ಟಾದಲ್ಲಿ ಆದ ಬೆಲೆ ಕಡಿತದ ಕಾರಣವೇ ಇಲ್ಲೂ ಕೆಲಸ ಮಾಡುತ್ತದೆ: ದನದ ಗುಣದಲ್ಲಿ ಕೊರತೆಯಿಲ್ಲದಿದ್ದರೂ, ಅದರ ಮೂಲವನ್ನು ಸಾಬೀತು ಮಾಡುವ ಖರ್ಚು ಬೆಲೆಯಿಂದ ಕಳೆದುಹೋಗುತ್ತದೆ.

ರೋಗ ತಡೆಗಾಗಿ ಮೂಲ ಕೇಳುವುದು ಬೇರೆ ಮಾತು, ಅಲ್ಲಿ ಲಾಭ ಎಲ್ಲರದು. 2009ರ ಪಶುಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆ, ರೋಗ ಇರುವ ಪ್ರದೇಶವನ್ನು ನಿಯಂತ್ರಿತ ಪ್ರದೇಶವೆಂದು ಘೋಷಿಸಿ ಅಲ್ಲಿಂದ ದನ ಹೊರಗೆ ಹೋಗುವುದನ್ನು ತಡೆಯುವ ಅಧಿಕಾರ ಕೊಡುತ್ತದೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಕರ್ನಾಟಕದಲ್ಲಿ ಜಾನುವಾರು ಸಂತೆ, ಜಾತ್ರೆ, ಸಾಗಣೆಗಳನ್ನು ನಿಲ್ಲಿಸಲಾಯಿತು. ರಾಸು ಸತ್ತ ಮನೆಯ ದುಃಖ ಕಂಡವರಾರೂ ಆ ನಿಷೇಧವನ್ನು ದೂರಲಾರರು.

ಇದೇ ಕಾರಣಕ್ಕೆ ಬಂದದ್ದು ಕಿವಿಯ ಹಳದಿ ಓಲೆ. ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲೋಸಿಸ್ ತಡೆಗೆ 2019ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪ್ರತಿ ದನ, ಎಮ್ಮೆಗೆ 12 ಅಂಕಿಯ ಸಂಖ್ಯೆ ಸಿಗುತ್ತದೆ. ಜನ ಅದನ್ನು ಪಶು ಆಧಾರ್ ಎನ್ನುತ್ತಾರೆ. ತಳಿ, ಲಿಂಗ, ವಯಸ್ಸು, ಮಾಲೀಕ, ಊರು, ಲಸಿಕೆಯ ದಿನ ಅದರೊಂದಿಗೆ ಸೇರಿರುತ್ತವೆ. ಮೊದಲು ಇನಾಫ್ ಎಂಬ ವ್ಯವಸ್ಥೆಯಲ್ಲಿದ್ದ ಈ ದಾಖಲೆ ಈಗ ಭಾರತ್ ಪಶುಧನ್ ತಾಣದಲ್ಲಿದೆ. ಯೂರೋಪಿನ ಪಾಸ್‌ಪೋರ್ಟಿಗೆ ಹತ್ತಿರದ ಸಾಧನ ಭಾರತದಲ್ಲಿ ಇದೊಂದೇ. ದನ ಎರಡು ಮೂರು ಕೈ ಬದಲಾದ ಮೇಲೂ ಓಲೆಯ ಸಂಖ್ಯೆ ಹಳೆಯ ಮಾಲೀಕನ ಹೆಸರಿನಲ್ಲೇ ಉಳಿದರೆ ಅದು ಮೂಲ ಹೇಳುತ್ತದೆ, ದಾರಿ ಹೇಳುವುದಿಲ್ಲ. ಆಗ ಚೆಕ್‌ಪೋಸ್ಟಿನಲ್ಲಿ ಹೊಸ ಮಾಲೀಕನನ್ನು ಅನುಮಾನಕ್ಕೆ ಗುರಿ ಮಾಡುವುದೂ ಅದೇ ಓಲೆ.

ಮಾರುಕಟ್ಟೆಗೇ ಬಾರದ ದನಗಳೂ ಈ ಸೀಮೆಯಲ್ಲಿವೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರು ದೇವರ ಎತ್ತುಗಳ ಮಂದೆಗಳನ್ನು ಕಿಲಾರಿಗಳೆಂಬ ಕಾಯುವವರ ಕೈಯಲ್ಲಿ ಸಾಕಿಸುತ್ತಾರೆ. ಅವನ್ನು ಮಾರುವುದಿಲ್ಲ, ಉಳುಮೆಗೂ ಕಟ್ಟುವುದಿಲ್ಲ. ಕಾಡುಗೊಲ್ಲರ ಹಟ್ಟಿಗಳಲ್ಲಿ ದನಗಾಹಿ ವೀರ ಜುಂಜಪ್ಪ ದೈವವಾಗಿದ್ದಾನೆ. ಈ ಮಂದೆಗಳ ವಂಶ ಕಿಲಾರಿಯ ನೆನಪಿನಲ್ಲಿದೆ, ಹುಲ್ಲುಗಾವಲು ಕಡಿಮೆಯಾದಂತೆ ಮೇವಿಗೆ ನಡೆದೇ ಹೋಗುತ್ತವೆ. ಸಾಗಣೆಯೆಂದರೆ ಲಾರಿ, ಕೈಬದಲೆಂದರೆ ಮಾರಾಟ ಎಂದು ಊಹಿಸಿ ಬರೆದ ನಿಯಮಗಳಲ್ಲಿ ಇಂಥ ಮಂದೆಗೆ ಜಾಗ ಸಿಗುವುದು ಕಷ್ಟ. ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋದ ಮೇಲೆ ಮೇವಿನ ದಾರಿ ಇನ್ನಷ್ಟು ಕಿರಿದಾಗಿದೆ.

ಹಿರಿಯೂರು ಸೀಮೆಗೆ ಬೇಕಾದ ತಿದ್ದುಪಡಿ ಸಣ್ಣದು, ಮಾಡಲು ಸಾಧ್ಯವಾದದ್ದು. ಸಂತೆಯ ದಿನ ಪಶುವೈದ್ಯರೊಬ್ಬರು ಸಂತೆಯ ಜಾಗದಲ್ಲೇ ಕೂತು, ಓಲೆಯ ಸಂಖ್ಯೆ ನೋಡಿ, ಮಾಲೀಕನ ಹೆಸರು ಬದಲಿಸಿ, ಲಸಿಕೆ ಮತ್ತು ಆರೋಗ್ಯದ ವಿವರದೊಂದಿಗೆ ಒಂದು ಚೀಟಿ ಕೊಟ್ಟರೆ ಸಾಕು. ಆ ಚೀಟಿಯನ್ನು ಆಂಧ್ರದ ಅಮರಾಪುರದ ಅಧಿಕಾರಿಯೂ ಒಪ್ಪಬೇಕು. ಅದಕ್ಕೆ ಎರಡು ರಾಜ್ಯಗಳ ಪಶುಸಂಗೋಪನಾ ಇಲಾಖೆಗಳ ನಡುವೆ ಒಡಂಬಡಿಕೆ ಬೇಕು. ಸಂಖ್ಯೆ ದೇಶಕ್ಕೆಲ್ಲ ಒಂದೇ ಆಗಿರುವುದರಿಂದ ಹೊಸ ಓಲೆಯನ್ನಾಗಲಿ ಹೊಸ ಕಡತವನ್ನಾಗಲಿ ಹುಡುಕಬೇಕಾಗಿಲ್ಲ.